ಉಪಗ್ರಹ ಸಂಪರ್ಕ ಕಂಪನಿಯೊಂದರ ಇತಿಹಾಸ ಬರೆಯುವ ಕ್ರಮ: ಇರಿಡಿಯಂ ಕಂಪನಿಯನ್ನು ಮುಂದಿಟ್ಟುಕೊಂಡು

ಉಪಗ್ರಹಗಳ ಮೂಲಕ ದೂರವಾಣಿ ಸೇವೆ ಒದಗಿಸುವ ಖಾಸಗಿ ಕಂಪನಿಯೊಂದರ ಇತಿಹಾಸವನ್ನು ಕನ್ನಡದಲ್ಲಿ ಬರೆಯಲು ಕುಳಿತವರಿಗೆ ಮೊದಲ ದಿನವೇ ಒಂದು ತೊಡಕು ಎದುರಾಗುತ್ತದೆ. ಕೈಗೆ ಸಿಗುವ ಮಾಹಿತಿಯೆಲ್ಲ ಇಸವಿಗಳ ಸರಮಾಲೆಯಾಗಿರುತ್ತದೆ: ಇಂಥ ವರ್ಷ ಸ್ಥಾಪನೆ, ಇಂಥ ವರ್ಷ ಉಡಾವಣೆ, ಇಂಥ ವರ್ಷ ದಿವಾಳಿ, ಇಂಥ ವರ್ಷ ಹೊಸ ಮಾಲೀಕರು. ಅವನ್ನು ಒಂದರ ಕೆಳಗೊಂದು ಬರೆದು ಮುಗಿಸಿದರೆ, ದಿವಾಳಿಯೆದ್ದ ಕಂಪನಿಯ ಉಪಗ್ರಹಗಳು ಮತ್ತೆ ಇಪ್ಪತ್ತು ವರ್ಷ ಹೇಗೆ ದುಡಿದವು ಎಂಬ ಸಹಜವಾದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇಂಥ ಉದ್ಯಮದಲ್ಲಿ ಕಂಪನಿಗೆ ಒಂದು ಆಯುಸ್ಸು, ಅದರ ಉಪಗ್ರಹಗಳಿಗೆ ಇನ್ನೊಂದು ಆಯುಸ್ಸು ಇರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಬರೆದುಕೊಂಡು ಆಮೇಲೆ ಹೆಣೆಯಬೇಕು ಎಂಬುದೇ ಈ ಬರಹದಲ್ಲಿ ನಾನು ವಿವರಿಸಲಿರುವ ಕ್ರಮ.

ದೊಡ್ಡದೊಂದು ಹಾಳೆಯನ್ನು ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಭಾಗ ಆಕಾಶದ ಖಾತೆ. ಉಡಾವಣೆ, ಕಕ್ಷೆ, ಕೆಟ್ಟ ಉಪಗ್ರಹ, ಬದಲಿ ಉಪಗ್ರಹ, ಡಿಕ್ಕಿ, ಕಕ್ಷೆಯಿಂದ ಇಳಿಸಿದ ದಿನ ಇವೆಲ್ಲ ಅಲ್ಲಿಗೆ ಸೇರುತ್ತವೆ. ಬಲಭಾಗ ನೆಲದ ಖಾತೆ. ಷೇರು, ಸಾಲ, ಪರವಾನಗಿ, ಗ್ರಾಹಕರ ಸಂಖ್ಯೆ, ಮೊಕದ್ದಮೆ, ಮಾರಾಟ ಇವು ಅಲ್ಲಿಗೆ. ಯಾವುದೇ ಸಂಗತಿಯನ್ನು ಟಿಪ್ಪಣಿ ಮಾಡಿಕೊಳ್ಳುವ ಮೊದಲು ಅದು ಯಾವ ಖಾತೆಯದು ಎಂದು ತೀರ್ಮಾನಿಸುವುದು ಅಗತ್ಯ, ಏಕೆಂದರೆ ಪತ್ರಿಕಾ ವರದಿಗಳಲ್ಲಿ ಎರಡೂ ಒಂದೇ ವಾಕ್ಯದೊಳಗೆ ಕಲೆಸಿಹೋಗಿರುತ್ತವೆ. ಉದಾಹರಣೆಗೆ ನಾನು ಇರಿಡಿಯಂ ಕಂಪನಿಯನ್ನು ಆರಿಸಿಕೊಂಡಿದ್ದೇನೆ. ಹುಟ್ಟು, ಪತನ, ಪುನರುತ್ಥಾನ ಮೂರೂ ಅದರಲ್ಲಿವೆ, ಜೊತೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಒಂದು ಮಹತ್ವದ ತೀರ್ಪಿಗೂ ಅದು ಕಾರಣವಾಗಿದೆ.

ಹೆಸರನ್ನು ಬಿಡಿಸಿಕೊಳ್ಳುವುದು

ಬರವಣಿಗೆಗೆ ಮುನ್ನ ಮಾಡಬೇಕಾದ ಕೆಲಸವೆಂದರೆ ಆ ಹೆಸರಿನಲ್ಲಿ ಎಷ್ಟು ಕಾನೂನುಬದ್ಧ ಸಂಸ್ಥೆಗಳಿವೆ ಎಂದು ಎಣಿಸುವುದು. 1999ರ ಆಗಸ್ಟ್ 13ರಂದು ದಿವಾಳಿ ರಕ್ಷಣೆ (ಸಾಲ ವಸೂಲಿಯಿಂದ ನ್ಯಾಯಾಲಯದ ರಕ್ಷಣೆ) ಕೋರಿದ್ದು ಮೋಟೊರೊಲಾ ಕಂಪನಿಯು ಇತರ ಹೂಡಿಕೆದಾರರನ್ನು ಸೇರಿಸಿಕೊಂಡು ಕಟ್ಟಿದ ಹಳೆಯ ಇರಿಡಿಯಂ. 2000ದ ಡಿಸೆಂಬರ್‌ನಲ್ಲಿ ಅದರ ಆಸ್ತಿಯನ್ನು ಕೊಂಡದ್ದು ಇರಿಡಿಯಂ ಸ್ಯಾಟಲೈಟ್ ಎಂಬ ಹೊಸ ಸಂಸ್ಥೆ. ಇಂದು ನಾಸ್ಡಾಕ್ ಪೇಟೆಯಲ್ಲಿ ಷೇರು ಹೊಂದಿರುವ ಇರಿಡಿಯಂ ಕಮ್ಯುನಿಕೇಷನ್ಸ್ ಈ ರೂಪಕ್ಕೆ ಬಂದದ್ದು 2009ರಲ್ಲಿ. ಹಳೆಯ ಕಂಪನಿಯ ಸಾಲ ಹೊಸದಕ್ಕೆ ಅಂಟಲಿಲ್ಲ; ಉಪಗ್ರಹಗಳು ಮಾತ್ರ ಅವೇ. "ಇರಿಡಿಯಂ ದಿವಾಳಿಯಾಗಿ ಮತ್ತೆ ಎದ್ದಿತು" ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ದುಡ್ಡು ಕಳೆದುಕೊಂಡವರು ಯಾರು, ಲಾಭ ಉಂಡವರು ಯಾರು ಎಂಬ ವ್ಯತ್ಯಾಸವನ್ನು ಆ ಒಂದು ವಾಕ್ಯ ಅಳಿಸಿಹಾಕುತ್ತದೆ.

ಹೆಸರಿನ ಮೂಲವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ವಿನ್ಯಾಸದಲ್ಲಿ 77 ಉಪಗ್ರಹಗಳಿದ್ದವು. ಪರಮಾಣುವಿನ ನ್ಯೂಕ್ಲಿಯಸ್ ಸುತ್ತ 77 ಎಲೆಕ್ಟ್ರಾನುಗಳು ಸುತ್ತುವ ಚಿತ್ರವನ್ನು ನೆನಪಿಸುತ್ತದೆಂದು 77 ಪರಮಾಣು ಸಂಖ್ಯೆಯ ಇರಿಡಿಯಂ ಲೋಹದ ಹೆಸರನ್ನು ಇಟ್ಟರು. ಮುಂದೆ ವಿನ್ಯಾಸವನ್ನು ಪರಿಷ್ಕರಿಸಿ ಸಂಖ್ಯೆಯನ್ನು 66ಕ್ಕೆ ಇಳಿಸಿದರೂ ಹೆಸರನ್ನು ಬದಲಿಸಲಿಲ್ಲ. 66ನೆಯ ಮೂಲವಸ್ತು ಡಿಸ್ಪ್ರೋಸಿಯಂ; ಗ್ರೀಕ್ ಮೂಲದ ಆ ಪದಕ್ಕೆ "ಸುಲಭವಾಗಿ ಕೈಗೆ ಸಿಗದ್ದು" ಎಂಬ ಅರ್ಥವಿದೆ. ಫೋನ್ ಕಂಪನಿಗೆ ಇಡುವಂಥ ಹೆಸರಂತೂ ಅದಲ್ಲ.

ಕಕ್ಷೆಯ ಲೆಕ್ಕವನ್ನು ಸ್ವತಃ ಮಾಡಿ ನೋಡುವುದು

ವಾಣಿಜ್ಯ ಇತಿಹಾಸ ಬರೆಯುವವರು ಬಿಟ್ಟುಬಿಡುವ ಮೆಟ್ಟಿಲು ಇದು. ಇಂಥ ಕಂಪನಿಗಳ ಖರ್ಚಿನ ಬಹುಪಾಲನ್ನು ಕಕ್ಷೆಯ ಎತ್ತರವೇ ನಿರ್ಧರಿಸುವುದರಿಂದ, ನನ್ನ ಅಭಿಪ್ರಾಯದಲ್ಲಿ ಇದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಗಾಳಿಮಾತಾಗುತ್ತದೆ. ಲೆಕ್ಕವೇನೂ ಕಠಿಣವಲ್ಲ, ಪ್ರೌಢಶಾಲೆಯ ಗಣಿತ ಸಾಕು.

ಭೂಸ್ಥಿರ ಕಕ್ಷೆ, ಅಂದರೆ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತ ನೆಲದಿಂದ ಒಂದೇ ಕಡೆ ನಿಂತಂತೆ ಕಾಣುವ ಕಕ್ಷೆ, ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗಿ ಬರಲು ರೇಡಿಯೋ ಸಂಕೇತಕ್ಕೆ ಸೆಕೆಂಡಿನ ಕಾಲು ಭಾಗ ಬೇಕು. ಮಾತನಾಡಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದು, ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುವ ಪ್ರಸಂಗ ಬರುತ್ತದೆ. ಇರಿಡಿಯಂ ಉಪಗ್ರಹಗಳ ಎತ್ತರ ಸುಮಾರು 780 ಕಿಲೋಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 46 ಬರುತ್ತದೆ. ದೂರ ಹೆಚ್ಚಿದಂತೆ ಸಂಕೇತದ ಬಲ ವರ್ಗದ ಪ್ರಮಾಣದಲ್ಲಿ ಕುಗ್ಗುವುದರಿಂದ 46ರ ವರ್ಗ ತೆಗೆದರೆ ಎರಡು ಸಾವಿರದ ಮೇಲಾಗುತ್ತದೆ. ಕೈಯಲ್ಲಿ ಹಿಡಿಯುವ ಫೋನಿನ ಪುಟ್ಟ ಆಂಟೆನಾ ನೇರವಾಗಿ ಉಪಗ್ರಹದೊಂದಿಗೆ ಮಾತಾಡಲು ಹತ್ತಿರದ ಕಕ್ಷೆ ಎಷ್ಟು ಅನುಕೂಲವೆಂಬುದು ಈ ಒಂದು ಅಂಕಿಯಲ್ಲಿದೆ.

ಆದರೆ ಕೆಳಗಿದ್ದವನಿಗೆ ಕಾಣುವ ನೆಲ ಕಡಿಮೆ. ಭೂಸ್ಥಿರ ಕಕ್ಷೆಯಲ್ಲಿ ಮೂರು ಉಪಗ್ರಹಗಳಿದ್ದರೆ ಧ್ರುವಗಳ ಆಸುಪಾಸನ್ನು ಬಿಟ್ಟು ಭೂಮಿಯನ್ನೆಲ್ಲ ತಲುಪಬಹುದು. ಇಲ್ಲಿ 66 ಬೇಕಾದವು. ಆರು ಧ್ರುವೀಯ ಸಮತಲಗಳು, ಅಂದರೆ ಧ್ರುವಗಳ ಬಳಿ ಹಾದುಹೋಗುವ ಸಾಲುಗಳು, ಪ್ರತಿಯೊಂದರಲ್ಲಿ ಹನ್ನೊಂದು ಉಪಗ್ರಹಗಳು. ಒಂದು ಸುತ್ತಿಗೆ ಸುಮಾರು 100 ನಿಮಿಷ ಬೇಕಾಗುವುದರಿಂದ, ಹನ್ನೊಂದರಿಂದ ಭಾಗಿಸಿದರೆ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಒಂದು ಉಪಗ್ರಹ ಹೋಗಿ ಅದೇ ಸಾಲಿನ ಇನ್ನೊಂದು ಬರುತ್ತದೆ ಎಂದಾಯಿತು. ನಡೆಯುತ್ತಿರುವ ಕರೆಯನ್ನು ತುಂಡಾಗದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಇದಕ್ಕಾಗಿ ಪ್ರತಿ ಉಪಗ್ರಹವೂ ತನ್ನ ಸಾಲಿನಲ್ಲಿ ಹಿಂದೆ ಮುಂದೆ ಇರುವ ಎರಡು, ಅಕ್ಕಪಕ್ಕದ ಸಾಲಿನ ಎರಡು, ಹೀಗೆ ನಾಲ್ಕು ನೆರೆಯ ಉಪಗ್ರಹಗಳೊಂದಿಗೆ ರೇಡಿಯೋ ಸಂಪರ್ಕ ಇಟ್ಟುಕೊಳ್ಳುವ ವ್ಯವಸ್ಥೆ ಮಾಡಿದರು. ಕರೆ ಆಕಾಶದಲ್ಲೇ ಕೈಯಿಂದ ಕೈಗೆ ಸಾಗಿ, ಎಲ್ಲೋ ದೂರದ ಭೂ ನಿಲ್ದಾಣದಲ್ಲಿ ಇಳಿಯಬಹುದು. ಈ ಗುಣ ಮುಂದೆ ಕಂಪನಿಯ ಜೀವ ಉಳಿಸಿತು. ಆದ್ದರಿಂದ ನಿಮ್ಮ ಹಾಳೆಯಲ್ಲಿ ಅದಕ್ಕೊಂದು ಗುರುತು ಹಾಕಿಡಿ.

ಇನ್ನೊಂದು ಮಾತು. ಭೂಸ್ಥಿರ ಕಕ್ಷೆಯ ಕಂಪನಿ ಒಂದು ಉಪಗ್ರಹ ಹಾರಿಸಿ, ಅದರಿಂದ ದುಡಿದು, ಎರಡನೆಯದನ್ನು ಹಾರಿಸಬಹುದು. ಇಲ್ಲಿ ಆ ಸೌಕರ್ಯವಿಲ್ಲ. ಅರವತ್ತಾರೂ ಮೇಲೇರುವವರೆಗೆ ಜಾಗತಿಕ ಸೇವೆಯೂ ಇಲ್ಲ, ಆದಾಯವೂ ಇಲ್ಲ. ಸಾಲ ಏಕೆ ಅಷ್ಟೊಂದು ಬೆಳೆಯಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಹುಟ್ಟಿನ ಕಥೆಯನ್ನು ಎಷ್ಟು ನಂಬಬೇಕು

ಪ್ರತಿ ಕಂಪನಿಗೂ ಒಂದು ಸ್ಥಳಪುರಾಣ ಇರುತ್ತದೆ. ಮೋಟೊರೊಲಾದ ಎಂಜಿನಿಯರ್ ಬ್ಯಾರಿ ಬರ್ಟಿಗರ್ ಅವರ ಪತ್ನಿ ಬಹಾಮಾಸ್ ದ್ವೀಪಗಳಲ್ಲಿ ರಜೆ ಕಳೆಯುತ್ತಿದ್ದಾಗ ಮೊಬೈಲ್ ಫೋನಿನಲ್ಲಿ ಕರೆ ಮಾಡಲಾಗದೆ ಗಂಡನನ್ನು ಪ್ರಶ್ನಿಸಿದರು, ಅದರಿಂದ ಈ ಕಲ್ಪನೆ ಹುಟ್ಟಿತು ಎಂಬುದು ಇರಿಡಿಯಂನ ಸ್ಥಳಪುರಾಣ. ಕಂಪನಿಯವರೇ ಹೇಳಿಕೊಂಡು ಬಂದ ಕಥೆಯೆಂದು ಹೇಳಿ ಇದನ್ನು ಒಂದು ವಾಕ್ಯದಲ್ಲಿ ಮುಗಿಸಬೇಕು. ಬರ್ಟಿಗರ್, ರೇಮಂಡ್ ಲಿಯೋಪೋಲ್ಡ್, ಕೆನ್ ಪೀಟರ್ಸನ್ ಮೂವರೂ ಅರಿಜೋನಾದಲ್ಲಿ 1987ರ ಹೊತ್ತಿಗೆ ಯೋಜನೆಯ ರೂಪುರೇಷೆ ಸಿದ್ಧಪಡಿಸಿದರು, 1990ರ ಜೂನ್‌ನಲ್ಲಿ ಮೋಟೊರೊಲಾ ಅದನ್ನು ಬಹಿರಂಗವಾಗಿ ಘೋಷಿಸಿತು ಎಂಬುದು ಗಟ್ಟಿಯಾದ ಮಾಹಿತಿ. 1987ರಲ್ಲಿ ಮೊಬೈಲ್ ಫೋನ್ ಎಷ್ಟು ದುಬಾರಿ, ಎಷ್ಟು ವಿರಳವಾಗಿತ್ತು ಎಂದು ಓದುಗರಿಗೆ ನೆನಪಿಸಿದರೆ ಸಾಕು, ಮುಂದಿನ ದುರಂತಕ್ಕೆ ಬೇಕಾದ ಹಿನ್ನೆಲೆ ತಾನಾಗಿ ಸಿದ್ಧವಾಗುತ್ತದೆ.

ಹೂಡಿಕೆದಾರರ ಪಟ್ಟಿಯನ್ನು ಮಾತ್ರ ನಿಧಾನವಾಗಿ ಓದಬೇಕು. ಅವರಲ್ಲಿ ಹಲವರು ಮಾರಾಟಗಾರರೂ ಆಗಿದ್ದರು. ಪ್ರೋಟಾನ್ ರಾಕೆಟ್ ಕಟ್ಟುವ ರಷ್ಯದ ಖ್ರುನಿಚೆವ್, ಆಂಟೆನಾ ಒದಗಿಸಿದ ರೇಥಿಯಾನ್, ಹ್ಯಾಂಡ್‌ಸೆಟ್ ತಯಾರಿಸಿದ ಕ್ಯೋಸೆರಾ ಇವರೆಲ್ಲ ಪಾಲುದಾರರ ಸಾಲಿನಲ್ಲಿದ್ದರು. ಮೋಟೊರೊಲಾ ಅಂತೂ ಅತಿ ದೊಡ್ಡ ಷೇರುದಾರನೂ ಹೌದು, ಉಪಗ್ರಹ ಜಾಲವನ್ನು ಕಟ್ಟಿ ಮಾರುವ ಗುತ್ತಿಗೆದಾರನೂ ಹೌದು. ಒಂದು ಕೈಯಿಂದ ಹೂಡಿ ಇನ್ನೊಂದು ಕೈಯಿಂದ ಬಿಲ್ಲು ವಸೂಲು ಮಾಡುವ ಈ ವ್ಯವಸ್ಥೆಯನ್ನು ಓದುಗರಿಗೆ ಮೊದಲೇ ಸ್ಪಷ್ಟಪಡಿಸಿದರೆ, ಆಮೇಲೆ ಬರುವ ಮೊಕದ್ದಮೆಗಳು ಅರ್ಥವಾಗುತ್ತವೆ.

ಒಂಬತ್ತೂವರೆ ತಿಂಗಳು

ಉಡಾವಣೆಯ ಭಾಗವನ್ನು ಬೇಗ ಮುಗಿಸಬಹುದು, ಏಕೆಂದರೆ ಅಲ್ಲಿ ತಪ್ಪು ನಡೆಯಲಿಲ್ಲ. 1997ರ ಮೇ 5ರಿಂದ 1998ರ ಮೇ 17ರವರೆಗೆ ಹದಿನೈದು ಉಡಾವಣೆಗಳಲ್ಲಿ 72 ಉಪಗ್ರಹಗಳು ಕಕ್ಷೆ ಸೇರಿದವು. ಅಮೆರಿಕದ ಡೆಲ್ಟಾ 2 ಒಮ್ಮೆಗೆ ಐದನ್ನು, ರಷ್ಯದ ಪ್ರೋಟಾನ್ ಏಳನ್ನು, ಚೀನಾದ ಲಾಂಗ್ ಮಾರ್ಚ್ 2ಸಿ ಎರಡನ್ನು ಹೊತ್ತೊಯ್ದವು. ಪತ್ರಿಕೆಗಳಲ್ಲಿ 66, 72 ಎಂಬ ಎರಡೂ ಸಂಖ್ಯೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ: ಒಂದು ಕೆಲಸಕ್ಕೆ ಬೇಕಾದ ಸಂಖ್ಯೆ, ಇನ್ನೊಂದು ಹಾರಿಸಿದ ಸಂಖ್ಯೆ. ಯಾವುದನ್ನು ಬರೆದರೂ ಯಾವುದೆಂದು ಹೇಳಿ ಬರೆಯಬೇಕು.

ಇದಕ್ಕೆ ಪ್ರತಿಯಾಗಿ ಬಲಗಡೆಯ ಖಾತೆಯಲ್ಲಿ ಪ್ರತಿ ತಿಂಗಳಿಗೂ ಒಂದು ಸಾಲು ಬೇಕು. ಸೇವೆ ಆರಂಭವಾಗಬೇಕಿದ್ದುದು 1998ರ ಸೆಪ್ಟೆಂಬರ್ 23ಕ್ಕೆ. ಆರಂಭವಾದದ್ದು ನವೆಂಬರ್ 1ಕ್ಕೆ. ಅಂದು ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಅವರು ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಮರಿಮಗ ಗಿಲ್ಬರ್ಟ್ ಗ್ರೋವನರ್ ಅವರಿಗೆ ಮೊದಲ ಕರೆ ಮಾಡಿದರು. ಇಂಥ ಸಮಾರಂಭದ ಸುದ್ದಿಯನ್ನು ಬಿಡಬೇಕಾಗಿಲ್ಲ, ಆದರೆ ಅದರ ಪಕ್ಕದಲ್ಲೇ ಅಂಗಡಿಯ ದರಪಟ್ಟಿಯನ್ನು ಇಡಿ. ಹ್ಯಾಂಡ್‌ಸೆಟ್ಟಿನ ಬೆಲೆ ಸುಮಾರು 3,000 ಡಾಲರ್, ತೂಕ ಅರ್ಧ ಕಿಲೋಗೆ ಹತ್ತಿರ. ಕರೆಗೆ ನಿಮಿಷಕ್ಕೆ ಎರಡರಿಂದ ಏಳು ಡಾಲರ್. ಮನೆಯೊಳಗೆ, ಕಾರಿನೊಳಗೆ, ಎತ್ತರದ ಕಟ್ಟಡಗಳ ನಡುವೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆಂಟೆನಾ ಎತ್ತಿ ಬಯಲಿಗೆ ಬಂದು ನಿಲ್ಲಬೇಕಿತ್ತು. ಗ್ರಾಹಕರೆಂದು ಕಂಪನಿ ಕಲ್ಪಿಸಿಕೊಂಡಿದ್ದವರು ವಿಮಾನ ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ಕಚೇರಿಗೆ ಓಡಾಡುವ ದೊಡ್ಡ ಅಧಿಕಾರಿಗಳು. 1987ರಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲ. 1998ರ ಹೊತ್ತಿಗೆ ಅದೇ ಹೋಟೆಲಿನ ಕೋಣೆಯಲ್ಲಿ ಜಿಎಸ್‌ಎಂ ಮೊಬೈಲ್ ರೋಮಿಂಗ್ ಸಹಿತ ಕೆಲಸ ಮಾಡುತ್ತಿತ್ತು.

ಇನ್ನು ಸಾಲದ ವಾಯಿದೆ. ಸಾಲ ಕೊಟ್ಟ ಬ್ಯಾಂಕುಗಳು 1999ರ ಮಾರ್ಚ್ ಅಂತ್ಯಕ್ಕೆ ಇಂತಿಷ್ಟು ಗ್ರಾಹಕರು, ಇಂತಿಷ್ಟು ಆದಾಯ ಇರಲೇಬೇಕೆಂದು ಕರಾರು ಹಾಕಿದ್ದವು. ಆ ದಿನಕ್ಕೆ ಗ್ರಾಹಕರು ಹತ್ತು ಸಾವಿರದ ಆಸುಪಾಸಿನಲ್ಲಿದ್ದರು. ಕರಾರಿನ ಸಂಖ್ಯೆಯ ಹತ್ತಿರಕ್ಕೂ ಅದು ಬರಲಿಲ್ಲ. ಏಪ್ರಿಲ್‌ನಲ್ಲಿ ಮುಖ್ಯಸ್ಥ ಎಡ್ವರ್ಡ್ ಸ್ಟೈಯಾನೊ ಹೊರನಡೆದರು, ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ನ್ಯಾಯಾಲಯದ ಬಾಗಿಲಲ್ಲಿತ್ತು. ಹಾಕಿದ ಬಂಡವಾಳ 500 ಕೋಟಿ ಡಾಲರಿಗೂ ಹೆಚ್ಚು. ಈಗ ಎರಡು ಖಾತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಹನ್ನೊಂದು ವರ್ಷ ಯೋಜಿಸಿ, ಎಂಟು ವರ್ಷ ಬಾಳುವಂತೆ ಕಟ್ಟಿದ ಉಪಗ್ರಹಗಳಿಗೆ ಗ್ರಾಹಕರನ್ನು ಹುಡುಕಲು ನೆಲದ ಮೇಲೆ ಸಿಕ್ಕ ಕಾಲಾವಕಾಶ ಐದು ತಿಂಗಳು. "ತಂತ್ರಜ್ಞಾನ ಸೋತಿತು" ಎಂದು ಅಂದಿನ ಹಲವು ಲೇಖನಗಳು ಬರೆದವು. ಎಡಗಡೆಯ ಖಾತೆಯಲ್ಲಿ ಅದಕ್ಕೆ ಒಂದೂ ಪುರಾವೆ ಇಲ್ಲ.

ಮಾರಾಟದ ಪ್ರಕರಣ ಬರೆಯುವಾಗ ಎರಡು ಅಂಕಿಗಳು ಮುಖ್ಯ. ಉಪಗ್ರಹಗಳನ್ನು ವಾತಾವರಣಕ್ಕೆ ಇಳಿಸಿ ಸುಟ್ಟುಬಿಡುವ ಸಿದ್ಧತೆಯನ್ನು ಮೋಟೊರೊಲಾ ಮಾಡಿಕೊಂಡಿದ್ದಾಗ, ಪ್ಯಾನ್ ಆಮ್ ವಿಮಾನಯಾನ ಸಂಸ್ಥೆಯ ಮಾಜಿ ಅಧ್ಯಕ್ಷ ಡ್ಯಾನ್ ಕೊಲಸ್ಸಿ ಅವರ ನೇತೃತ್ವದ ಗುಂಪು ಇಡೀ ಜಾಲವನ್ನು 2.5 ಕೋಟಿ ಡಾಲರಿಗೆ ಕೊಂಡಿತು. ಅದೇ ತಿಂಗಳು ಅಮೆರಿಕದ ರಕ್ಷಣಾ ಇಲಾಖೆ 20,000 ಬಳಕೆದಾರರಿಗಾಗಿ ಎರಡು ವರ್ಷಕ್ಕೆ 7.2 ಕೋಟಿ ಡಾಲರಿನ ಗುತ್ತಿಗೆ ನೀಡಿತು. ಗುತ್ತಿಗೆಯ ಮೊತ್ತ ಖರೀದಿಯ ಬೆಲೆಗಿಂತ ಹೆಚ್ಚು. ಹಿಂದೆ ಗುರುತು ಹಾಕಿಟ್ಟ ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹವಾಯಿಯಲ್ಲಿ ಸರ್ಕಾರದ್ದೇ ಆದ ಭೂ ನಿಲ್ದಾಣವಿತ್ತು, ಕರೆಗಳು ಆಕಾಶದಲ್ಲೇ ಸಾಗಿ ಅಲ್ಲಿ ಇಳಿಯುತ್ತಿದ್ದವು, ಆದ್ದರಿಂದ ಯಾವ ಪರದೇಶದ ನೆಲವನ್ನೂ ಮುಟ್ಟದೆ ಸೈನಿಕರು ಮಾತನಾಡಬಹುದಿತ್ತು. ಇನ್ನೊಂದು ತೊಡಕೂ ಇತ್ತು. ಕೆಟ್ಟ ಉಪಗ್ರಹ ಯಾರ ತಲೆಯ ಮೇಲಾದರೂ ಬಿದ್ದರೆ ಹೊಣೆ ಯಾರದು ಎಂಬ ವಿಷಯ ಇತ್ಯರ್ಥವಾಗುವವರೆಗೆ ಮೋಟೊರೊಲಾ ಮಾರಾಟಕ್ಕೆ ಒಪ್ಪಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳುವುದು ಉಪಯುಕ್ತ. ಹಿಂದೊಮ್ಮೆ ಈ ಖರೀದಿಯ ಬಗ್ಗೆ ಬರೆಯುವಾಗ "25 ಮಿಲಿಯನ್" ಎಂಬುದನ್ನು ಅವಸರದಲ್ಲಿ 25 ಕೋಟಿ ಮಾಡಿಬಿಟ್ಟಿದ್ದೆ. ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಉದ್ಯೋಗಿ, ಒಂದು ಅಂಚೆ ಕಾರ್ಡಿನಲ್ಲಿ ಬರೀ ಎರಡು ಸಾಲಿನ ಗುಣಾಕಾರ ಬರೆದು ಕಳುಹಿಸಿದ್ದರು. ಅಂದಿನಿಂದ ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡೇ ಕೆಲಸ ಶುರು ಮಾಡುತ್ತೇನೆ. ಡಾಲರನ್ನು ರೂಪಾಯಿಗೆ ಪರಿವರ್ತಿಸುವುದನ್ನು ಮಾತ್ರ ಕೈಬಿಟ್ಟಿದ್ದೇನೆ, ಏಕೆಂದರೆ 1999ರ ದರವೇ ಇಂದಿನ ದರವೇ ಎಂಬ ಗೊಂದಲ ಓದುಗರಿಗೆ ತಪ್ಪುವುದಿಲ್ಲ.

ತೀರ್ಪುಗಳನ್ನು ಓದುವ ಬಗೆ

ಇರಿಡಿಯಂಗೆ ಭಾರತದ ಹಣವೂ ಹೋಗಿತ್ತು. ನಮ್ಮ ದೇಶದ ಹಣಕಾಸು ಸಂಸ್ಥೆಗಳು ಸೇರಿ ಇರಿಡಿಯಂ ಇಂಡಿಯಾ ಟೆಲಿಕಾಂ ಎಂಬ ಕಂಪನಿಯನ್ನು ಕಟ್ಟಿ ಹೂಡಿಕೆ ಮಾಡಿದ್ದವು. ಯೋಜನೆ ಕುಸಿದ ಮೇಲೆ ಆ ಕಂಪನಿ, ಹೂಡಿಕೆಗೆ ಮುನ್ನ ತಪ್ಪು ಮಾಹಿತಿ ಕೊಟ್ಟು ವಂಚಿಸಲಾಗಿದೆ ಎಂದು ಆರೋಪಿಸಿ ಪುಣೆಯಲ್ಲಿ ಮೋಟೊರೊಲಾ ವಿರುದ್ಧ ಕ್ರಿಮಿನಲ್ ದೂರು ದಾಖಲಿಸಿತು. ಬಾಂಬೆ ಹೈಕೋರ್ಟ್ 2003ರಲ್ಲಿ ಅದನ್ನು ರದ್ದುಪಡಿಸಿತು. 2010ರ ಅಕ್ಟೋಬರ್ 20ರಂದು ಸರ್ವೋಚ್ಚ ನ್ಯಾಯಾಲಯ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ, ವಂಚನೆಯಂಥ ಅಪರಾಧಕ್ಕೆ ಬೇಕಾದ ದುರುದ್ದೇಶವನ್ನು ಒಂದು ಕಂಪನಿಗೂ ಆರೋಪಿಸಬಹುದು ಎಂದು ಹೇಳಿತು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಇದು. ಆದರೆ ಆರೋಪ ಸಾಬೀತಾಯಿತೆಂದು ನ್ಯಾಯಾಲಯ ಹೇಳಲಿಲ್ಲ; ದೂರನ್ನು ಆರಂಭದಲ್ಲೇ ಹೊಸಕುವಂತಿಲ್ಲ ಎಂದಷ್ಟೇ ಹೇಳಿತು. ಈ ವ್ಯತ್ಯಾಸವನ್ನು ಉಳಿಸಿಕೊಳ್ಳದೆ ಬರೆದವರು ಬಹಳ ಮಂದಿ. ಅತ್ತ ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದಲ್ಲಿ ಹಳೆಯ ಇರಿಡಿಯಂಗೆ ಸಾಲ ಕೊಟ್ಟಿದ್ದವರು ಮೋಟೊರೊಲಾ ವಿರುದ್ಧ ಹೂಡಿದ ದಾವೆಯಲ್ಲಿ 2007ರಲ್ಲಿ ಮೋಟೊರೊಲಾ ಪರ ತೀರ್ಪು ಬಂದಿತ್ತು. ಎರಡನ್ನೂ ಒಂದೇ ಪುಟದಲ್ಲಿ ಇಡಿ, ಯಾವುದು ಯಾವ ಪ್ರಶ್ನೆಗೆ ಉತ್ತರ ಎಂದು ಸ್ಪಷ್ಟಪಡಿಸಿ.

ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಕಾನೂನುಬಾಹಿರ ಎಂಬುದನ್ನೂ ಇದೇ ಭಾಗದಲ್ಲಿ ಹೇಳಬಹುದು. "ಭೂಮಿಯ ಎಲ್ಲಿಂದಲಾದರೂ" ಎಂಬ ಜಾಹೀರಾತಿನ ಮಾತು ಆಕಾಶದ ಖಾತೆಯದು. ಎಲ್ಲೆಲ್ಲಿ ಬಳಸಲು ಅವಕಾಶ ಎಂಬುದು ನೆಲದ ಖಾತೆಯದು.

ಎಡಗಡೆಯ ಖಾತೆಯನ್ನು ಮುಂದುವರಿಸುವುದು

ಕಂಪನಿ ಕೈಬದಲಾದ ಮೇಲೆ ಬಹುಪಾಲು ಲೇಖಕರು ಆಕಾಶವನ್ನು ಮರೆಯುತ್ತಾರೆ. 2009ರ ಫೆಬ್ರುವರಿ 10ರಂದು ಇರಿಡಿಯಂ 33 ಎಂಬ ದುಡಿಯುತ್ತಿದ್ದ ಉಪಗ್ರಹ, ಎಂದೋ ಕೆಟ್ಟುಹೋಗಿದ್ದ ರಷ್ಯದ ಕಾಸ್ಮೊಸ್ 2251ಕ್ಕೆ ಸೈಬೀರಿಯದ ಮೇಲೆ ಸೆಕೆಂಡಿಗೆ ಸುಮಾರು 11.7 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾಯಿತು. ಎರಡು ಇಡಿಯಾದ ಉಪಗ್ರಹಗಳು ಕಕ್ಷೆಯಲ್ಲಿ ಹೀಗೆ ಗುದ್ದಿಕೊಂಡದ್ದು ಅದೇ ಮೊದಲು. ನೆಲದಿಂದ ಗುರುತಿಸಬಲ್ಲ ಎರಡು ಸಾವಿರಕ್ಕೂ ಹೆಚ್ಚು ಚೂರುಗಳಾದವು. ಸೇವೆಗೆ ಬಂದ ಧಕ್ಕೆ ಅಲ್ಪ, ಏಕೆಂದರೆ ಬದಲಿ ಉಪಗ್ರಹಗಳು ಕಕ್ಷೆಯಲ್ಲೇ ಇದ್ದವು. ದಿನಾಂಕ ಬರೆಯುವಾಗ ಯಾವ ಕಾಲಮಾನವೆಂದು ನೋಡಿಕೊಳ್ಳಿ. ಉಡಾವಣೆಗಳ ವಿಷಯದಲ್ಲಿ ಭಾರತೀಯ ಕಾಲಮಾನಕ್ಕೆ ತಿರುಗಿಸಿದಾಗ ತಾರೀಖೇ ಬದಲಾಗುವುದುಂಟು.

ಹಳೆಯ ಇರಿಡಿಯಂ ಉಪಗ್ರಹಗಳಿಗೆ ಬಾಗಿಲಿನಷ್ಟು ದೊಡ್ಡದಾದ, ಕನ್ನಡಿಯಂತೆ ಹೊಳೆಯುವ ಮೂರು ಚಪ್ಪಟೆ ಆಂಟೆನಾಗಳಿದ್ದವು. ಬಿಸಿಲು ಅವುಗಳಿಗೆ ತಾಗಿ ಪ್ರತಿಫಲಿಸಿದಾಗ ನೆಲದ ಮೇಲೆ ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಲ್ಲಿದ್ದವರಿಗೆ ಕೆಲವು ಸೆಕೆಂಡುಗಳ ಕಾಲ ಶುಕ್ರನನ್ನೂ ಮೀರಿಸುವ ಹೊಳಪು ಕಾಣುತ್ತಿತ್ತು. ಅದರ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ತಿಳಿಯಬಹುದಿತ್ತು. ಒಂದು ಸಂಜೆ ಊರಿನ ಮನೆಯ ತಾರಸಿಯಲ್ಲಿ ಗಡಿಯಾರ ಹಿಡಿದು ನಿಂತಿದ್ದೆವು. ಪಕ್ಕದಲ್ಲಿ ಒಣಗಲು ಹರಡಿದ್ದ ಅಡಿಕೆಯ ವಾಸನೆ. ಹೇಳಿದ ಕ್ಷಣಕ್ಕೆ ಸರಿಯಾಗಿ ಉತ್ತರದ ಆಕಾಶದಲ್ಲಿ ಒಂದು ಚುಕ್ಕೆ ನಿಧಾನವಾಗಿ ಉಬ್ಬಿ, ಬೆಳಗಿ, ಆರಿಹೋಯಿತು. ನಮ್ಮ ಅತ್ತೆ "ಯಾರ ಮನೆ ದೀಪವೋ" ಎಂದರು. ದಿವಾಳಿಯಾದ ಕಂಪನಿಯ ದೀಪ ಎಂದು ನಾನು ವಿವರಿಸಲು ಹೋಗಲಿಲ್ಲ. ಇಂಥ ನೋಟವೊಂದನ್ನು ನಿಮ್ಮ ಬರಹದಲ್ಲಿ ಸೇರಿಸುವುದಿದ್ದರೆ ಒಂದನ್ನು ಸೇರಿಸಿ, ಅದು ಯಾವ ತಲೆಮಾರಿನ ಉಪಗ್ರಹವೆಂದು ತಪ್ಪದೆ ತಿಳಿಸಿ. ಹೊಸ ಉಪಗ್ರಹಗಳ ಆಂಟೆನಾ ಬೇರೆ ಆಕಾರದ್ದಾದ್ದರಿಂದ ಅವು ಹಾಗೆ ಹೊಳೆಯುವುದಿಲ್ಲ.

ಹೊಸ ತಲೆಮಾರಿನ ಬಗ್ಗೆ ಹೆಚ್ಚು ಬೆಳೆಸಬೇಕಾಗಿಲ್ಲ. 2010ರಲ್ಲಿ ಥೇಲ್ಸ್ ಅಲೇನಿಯಾ ಸ್ಪೇಸ್ ಕಂಪನಿಗೆ ಗುತ್ತಿಗೆ ಕೊಟ್ಟು, 2017ರ ಜನವರಿ 14ರಿಂದ 2019ರ ಜನವರಿ 11ರವರೆಗೆ ಎಂಟು ಫಾಲ್ಕನ್ 9 ಉಡಾವಣೆಗಳಲ್ಲಿ 75 ಉಪಗ್ರಹಗಳನ್ನು ಕಳುಹಿಸಿದರು. ಒಟ್ಟು ವೆಚ್ಚ ಸುಮಾರು 300 ಕೋಟಿ ಡಾಲರ್. ಈ ಸಲ ಹಳೆಯ ಉಪಗ್ರಹಗಳು ದುಡಿಯುತ್ತಿರುವಾಗಲೇ ಹೊಸದಕ್ಕೆ ಸಾಲ ಎತ್ತಿದ್ದು, ವಿಮಾನಗಳ ಜಾಡು ಹಿಡಿಯುವ ಏರಿಯಾನ್ ಸಂಸ್ಥೆಯ ಉಪಕರಣಗಳಿಗೆ ಉಪಗ್ರಹದಲ್ಲಿ ಜಾಗ ಕೊಟ್ಟದ್ದು, ಈ ಎರಡು ಸಂಗತಿಗಳನ್ನು 1998ರ ಪುಟದ ಪಕ್ಕದಲ್ಲಿಟ್ಟು ಓದಿಸಿದರೆ ವಿವರಣೆಯ ಅಗತ್ಯವೇ ಬೀಳದು. ಗ್ರಾಹಕರೂ ಬೇರೆ: ಹಡಗುಗಳು, ವಿಮಾನಗಳು, ದೂರದ ಗಣಿಗಳ ಯಂತ್ರಗಳು, ಸೈನ್ಯ.

ಇದೇ ಹಾಳೆಯನ್ನು ಬೇರೆ ಕಂಪನಿಗೂ ಬಳಸಬಹುದು. 2020ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿ, ಬ್ರಿಟನ್ ಸರ್ಕಾರ ಮತ್ತು ಭಾರತಿ ಸಮೂಹದ ಕೈಸೇರಿದ ಒನ್‌ವೆಬ್ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ; ಅದರ 72 ಉಪಗ್ರಹಗಳನ್ನು ಎರಡು ಕಂತಿನಲ್ಲಿ ಹಾರಿಸಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೊ. ಆದರೆ ಇಂಟೆಲ್‌ಸ್ಯಾಟ್, ಇನ್‌ಮರ್‌ಸ್ಯಾಟ್‌ಗಳಿಗೆ ಮೂರನೆಯ ಖಾತೆಯೊಂದನ್ನು ಸೇರಿಸಬೇಕಾಗುತ್ತದೆ, ಏಕೆಂದರೆ ಅವು ರಾಷ್ಟ್ರಗಳ ನಡುವಿನ ಒಪ್ಪಂದಗಳಿಂದ ಹುಟ್ಟಿ ಆಮೇಲೆ ಖಾಸಗಿಯಾದವು.

ಕೊನೆಗೆ, ಮುಗಿಸುವ ದಿನಾಂಕ. ಬಲಗಡೆಯ ಖಾತೆಯನ್ನು ನೀವು ಬರೆಯುವ ವರ್ಷದ ವಾರ್ಷಿಕ ವರದಿಯ ತಾರೀಖಿಗೆ ನಿಲ್ಲಿಸಿ, ಆ ತಾರೀಖನ್ನು ನಮೂದಿಸಿ. ಎಡಗಡೆ ಹಾಗೆ ಮುಚ್ಚಲು ಬರುವುದಿಲ್ಲ. ಹಳೆಯ ಉಪಗ್ರಹಗಳಲ್ಲಿ ದುಡಿಯುತ್ತಿದ್ದವನ್ನು ಒಂದೊಂದಾಗಿ ಕೆಳಗಿಳಿಸಿ ವಾತಾವರಣದಲ್ಲಿ ಉರಿಸಿದರು. ಅದಕ್ಕೂ ಮೊದಲೇ ಕೆಟ್ಟು, ಆಜ್ಞೆಗೆ ಓಗೊಡದೆ ನಿಂತ ಹಲವು ಇನ್ನೂ ಮೇಲೆಯೇ ಸುತ್ತುತ್ತಿವೆ. ಅವುಗಳ ಸಾಲಿನಲ್ಲಿ "ಇಳಿಸಿದ ದಿನ" ಎಂಬ ಚೌಕವನ್ನು ಖಾಲಿ ಬಿಡಿ.